ನೀರಿನೊಳಗೆ ಬಂದೂಕು ಹಾರಿಸಿದರೆ ಗುಂಡು ಎಷ್ಟು ದೂರ ಹೋಗುತ್ತದೆ?

ಹೇಮಾವತಿ ದಂಡೆ
ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ದಹನಕ್ಕೆ ಆಮ್ಲಜನಕ ಬೇಕು ಎಂದು ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಹಾಗಾದರೆ ನೀರಿನೊಳಗೆ ಬಂದೂಕು ಹಾರುವುದೇ ಇಲ್ಲವೇ?" ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಸಿನಿಮಾದಲ್ಲಿ ಹೀರೋ ನದಿಗೆ ಹಾರಿದ ಮೇಲೂ ಗುಂಡುಗಳು ಬಿಳಿ ಗೆರೆ ಎಳೆಯುತ್ತಾ ಅವನ ಪಕ್ಕದಲ್ಲೇ ಹೋಗುತ್ತವಲ್ಲ" ಎಂದ. ಇಬ್ಬರಿಗೂ ಲೆಕ್ಕ ಸಮೇತ ಉತ್ತರ ಕೊಡಬೇಕು ಎಂಬುದು ನನ್ನ ಆಸೆ. ಬಲ್ಲವರು ವಿವರವಾಗಿ ಬರೆಯಿರಿ.

ಘನಮಾನ
ಮೊದಲ ಪ್ರಶ್ನೆಗೆ ಉತ್ತರ: ಹಾರುತ್ತದೆ. ಬಂದೂಕಿನ ಮದ್ದು ಉರಿಯಲು ಹೊರಗಿನ ಗಾಳಿ ಬೇಕಿಲ್ಲ. ಈಗಿನ ಹೊಗೆರಹಿತ ಮದ್ದಿನ ಮುಖ್ಯ ವಸ್ತು ನೈಟ್ರೋಸೆಲ್ಯುಲೋಸ್. ಉರಿಯಲು ಬೇಕಾದ ಆಮ್ಲಜನಕ ಆ ಅಣುವಿನೊಳಗೇ ಇದೆ. ಹಳೆಯ ಕರಿಮದ್ದಿನಲ್ಲಿ ಅದೇ ಕೆಲಸವನ್ನು ಪೊಟ್ಯಾಸಿಯಂ ನೈಟ್ರೇಟ್ ಮಾಡುತ್ತಿತ್ತು. ತೋಟಾದ ಹಿಂಭಾಗದಲ್ಲಿ ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿಗೂ ಗಾಳಿಯ ಹಂಗಿಲ್ಲ, ಪೆಟ್ಟು ಬಿದ್ದರೆ ಸಾಕು. ಸೈನ್ಯದ ತೋಟಾಗಳಲ್ಲಿ ಪ್ರೈಮರಿನ ಸುತ್ತ ಮತ್ತು ಗುಂಡು ಕೂರುವ ಬಾಯಿಯಲ್ಲಿ ನೀರು ಇಳಿಯದಂತೆ ಅರಗಿನಂಥ ಲೇಪ ಬಳಿದಿರುತ್ತಾರೆ. ಒಳಗಿನ ಮದ್ದು ಒಣಗಿರುವಷ್ಟು ಕಾಲ ಅದು ನೀರಿನಲ್ಲೂ ಹೊತ್ತಿಕೊಳ್ಳುತ್ತದೆ.

ಆಳದ ಒತ್ತಡದ ಚಿಂತೆಯೂ ಬೇಡ. ನೆಲದ ಮೇಲೆ ಗಾಳಿ ನಮ್ಮನ್ನು ಒತ್ತುವಷ್ಟು ಒತ್ತಡಕ್ಕೆ ಒಂದು ವಾಯುಭಾರ ಎನ್ನೋಣ. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ನಾಲ್ಕು ವಾಯುಭಾರದಷ್ಟು. 9 ಮಿಲಿಮೀಟರ್ ಪಿಸ್ತೂಲಿನ ತೋಟಾ ಸಿಡಿದಾಗ ನಳಿಗೆಯೊಳಗಿನ ಒತ್ತಡ ಎರಡು ಸಾವಿರ ವಾಯುಭಾರ ದಾಟುತ್ತದೆ. ಅದರ ಮುಂದೆ ನಾಲ್ಕು ಲೆಕ್ಕಕ್ಕೇ ಬರುವುದಿಲ್ಲ.

ಕೋವಿಮನೆ
ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಮನೆಯ ಸದಸ್ಯನಂತೆ, ಕೈಲ್‌ಪೊಳ್ದ್ ದಿನ ಅದಕ್ಕೆ ಪೂಜೆಯೂ ಇದೆ. ಆದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಹಾರುತ್ತದೆ ಎಂದು ಓದಿ ಯಾರಾದರೂ ಕೆರೆಯಲ್ಲಿ ಪ್ರಯೋಗಕ್ಕೆ ಇಳಿದರೆ ಕೈ ಹೋಗುತ್ತದೆ. ಮಳೆಗಾಲದಲ್ಲಿ ಕೋವಿ ಹಿಡಿದು ತೋಟಕ್ಕೆ ಹೋಗುವಾಗ ನಮ್ಮ ಹಿರಿಯರು ನಳಿಗೆಯ ಬಾಯಿಯನ್ನು ಕೆಳಕ್ಕೆ ಮಾಡಿಯೇ ಹಿಡಿಯುತ್ತಿದ್ದರು. ಹಾರಿಸುವ ಮೊದಲು ಕೋವಿಯನ್ನು ಕೀಲಿನಲ್ಲಿ ಬಾಗಿಸಿ ತೆರೆದು, ನಳಿಗೆಯ ಮೂಲಕ ಆಕಾಶ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಒಳಗೆ ಕೆಸರು, ಕಣಜದ ಗೂಡು, ಒಂದಿಷ್ಟು ನೀರು, ಏನಿದ್ದರೂ ನಳಿಗೆ ಊದಿಕೊಳ್ಳುತ್ತದೆ ಇಲ್ಲವೇ ಸೀಳುತ್ತದೆ. ಜೋಡಿನಳಿಗೆಯ ಕೋವಿಗಳಲ್ಲಿ ನಳಿಗೆಯ ಗೋಡೆ ತೆಳು, ಅವು ಇನ್ನೂ ಬೇಗ ಸೀಳುತ್ತವೆ.

ಘನಮಾನ
ಕೋವಿಮನೆಯವರ ಮಾತಿಗೆ ಲೆಕ್ಕದ ಬೆಂಬಲ ಕೊಡುತ್ತೇನೆ. ನಳಿಗೆ ಪೂರ್ತಿ ನೀರು ತುಂಬಿದ್ದರೆ ಗುಂಡು ಆ ನೀರಿನ ಕಂಬವನ್ನೆಲ್ಲ ತಳ್ಳಿಕೊಂಡು ಹೊರಬರಬೇಕು. 9 ಮಿ.ಮೀ. ಪಿಸ್ತೂಲಿನ 11 ಸೆಂಟಿಮೀಟರ್ ನಳಿಗೆಯಲ್ಲಿ ಸುಮಾರು 7 ಗ್ರಾಂ ನೀರು ಹಿಡಿಸುತ್ತದೆ. ಗುಂಡಿನ ತೂಕವೇ 8 ಗ್ರಾಂ. ಅಂದರೆ ಮದ್ದು ತಳ್ಳಬೇಕಾದ ಭಾರ ಹೆಚ್ಚುಕಡಿಮೆ ಎರಡರಷ್ಟಾಯಿತು. ಪಿಸ್ತೂಲು ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಇನ್ನು ಹಳೆಯ .303 ರೈಫಲ್ ನೋಡಿ. ನಳಿಗೆ 64 ಸೆಂಟಿಮೀಟರ್, ಅದರಲ್ಲಿ ಹಿಡಿಸುವ ನೀರು ಸುಮಾರು 30 ಗ್ರಾಂ, ಗುಂಡಿನ ತೂಕ 11 ಗ್ರಾಂ ಚಿಲ್ಲರೆ. ಗುಂಡಿಗಿಂತ ಎರಡೂವರೆ ಪಟ್ಟು ಭಾರದ ನೀರು ಮುಂದೆ ಕುಳಿತಿದೆ. ನಳಿಗೆ ಉದ್ದವಾದಷ್ಟೂ ಅಪಾಯ ಹೆಚ್ಚು.

ಅದಕ್ಕಿಂತ ಕೆಟ್ಟದ್ದು ಅರ್ಧ ನೀರಿರುವ ನಳಿಗೆ. ಪೂರ್ತಿ ತುಂಬಿದ್ದರೆ ನೀರೂ ಗುಂಡೂ ನಿಂತಲ್ಲಿಂದ ಒಟ್ಟಿಗೆ ಹೊರಡುತ್ತವೆ. ಬಾಯಿಯ ಬಳಿ ಮಾತ್ರ ನೀರಿದ್ದರೆ, ಆಗಲೇ ಸೆಕೆಂಡಿಗೆ 300 ಮೀಟರ್ ವೇಗ ಪಡೆದ ಗುಂಡು ನಿಂತ ನೀರಿಗೆ ಬಡಿಯುತ್ತದೆ. ಸಾಂದ್ರತೆ, ನೀರಿನಲ್ಲಿ ಶಬ್ದದ ವೇಗ, ಬಡಿಯುವ ವೇಗ, ಈ ಮೂರನ್ನೂ ಗುಣಿಸಿದರೆ ಆ ಕ್ಷಣದ ಒತ್ತಡ ಸಿಗುತ್ತದೆ: 1000 × 1480 × 300, ಅಂದರೆ ಸುಮಾರು 440 ಮೆಗಾಪಾಸ್ಕಲ್ (ಒಂದು ಮೆಗಾಪಾಸ್ಕಲ್ ಎಂದರೆ ಸುಮಾರು ಹತ್ತು ವಾಯುಭಾರ). ಗುಂಡಿನ ಮೂಗು ದುಂಡಗಿರುವುದರಿಂದ ನಿಜದಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಆದರೆ 9 ಮಿ.ಮೀ. ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡವೇ 235 ಮೆಗಾಪಾಸ್ಕಲ್ ಎಂಬುದನ್ನು ನೆನಪಿಡಿ. ಆಕಾಶ ನೋಡುತ್ತಿದ್ದ ಆ ಹಿರಿಯರು ಈ ಗುಣಾಕಾರ ಮಾಡದೆಯೇ ಸರಿಯಾದ ಜಾಗಕ್ಕೆ ಕಣ್ಣಿಟ್ಟಿದ್ದರು.

ನಿವೃತ್ತ ನಾವಿಕ
ಇದು ಸೈನಿಕರ ನಿತ್ಯದ ಸಮಸ್ಯೆಯೂ ಹೌದು. ನದಿ ದಾಟಿ ಬಂದ ಕೂಡಲೇ ರೈಫಲಿನ ನೀರು ಬಸಿಯುವುದನ್ನು ತರಬೇತಿಯಲ್ಲೇ ಕಲಿಸುತ್ತಾರೆ. 5.56 ಮಿ.ಮೀ.ನಂಥ ಕಿರಿದಾದ ನಳಿಗೆಯಲ್ಲಿ ಬಾಯಿ ಕೆಳಗೆ ಮಾಡಿದರೂ ನೀರು ತಾನಾಗಿ ಸುರಿಯುವುದಿಲ್ಲ. ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಸ್ವಲ್ಪ ಎಳೆದು ಗಾಳಿ ಒಳಹೋಗಲು ಬಿಟ್ಟ ಮೇಲೆಯೇ ಅದು ಇಳಿಯುತ್ತದೆ.

ಇನ್ನೊಂದು ಸಂಗತಿ. ನೀರಿನೊಳಗೆ ಮೊದಲ ಗುಂಡು ಹಾರಿದರೂ ಎರಡನೆಯದು ಹಾರುತ್ತದೆ ಎಂಬ ಭರವಸೆ ಇಲ್ಲ. ತಾನಾಗಿ ತೋಟಾ ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಪ್ರತಿ ಹೊಡೆತಕ್ಕೂ ಹಿಂದೆ ಮುಂದೆ ಸರಿಯುವ ಮೇಲ್ಭಾಗ, ಅಂದರೆ ಸ್ಲೈಡ್, ನೀರನ್ನು ತಳ್ಳಿಕೊಂಡು ಹಿಂದಕ್ಕೆ ಸರಿಯಬೇಕು. ಪ್ರೈಮರಿಗೆ ಹೊಡೆಯುವ ಕಡ್ಡಿಯ ಸುತ್ತಲೂ ನೀರು ತುಂಬಿಕೊಂಡು ಪೆಟ್ಟು ಮಂದವಾಗುತ್ತದೆ. ಈ ವಿಷಯದಲ್ಲಿ ಕೈಯಿಂದ ಸುತ್ತುವ ರಿವಾಲ್ವರೇ ಮೇಲು.

ಸಂಶಯ ಪಿಶಾಚಿ
ಹಾರುತ್ತದೆ ಎಂಬುದನ್ನು ಒಪ್ಪಿದೆ. ಆದರೆ ಗುಂಡು ಗಾಳಿಯಲ್ಲಿ ಸಾವಿರಾರು ಮೀಟರ್ ಹೋಗುವಂಥದ್ದು. ನೀರಿನಲ್ಲಿ ಕನಿಷ್ಠ ಐವತ್ತು ಮೀಟರ್ ಆದರೂ ಹೋಗಬೇಡವೇ?

ಘನಮಾನ
ಎರಡು–ಎರಡೂವರೆ ಮೀಟರ್ ಹೋದರೆ ಹೆಚ್ಚು. ಟೀಚರ್, ಇದನ್ನು ಕರಿಹಲಗೆಯ ಮೇಲೆಯೇ ಮಾಡಿ ತೋರಿಸಬಹುದು.

ತಡೆಬಲ ನಾಲ್ಕನ್ನು ಅವಲಂಬಿಸಿದೆ: ಮಾಧ್ಯಮದ ಸಾಂದ್ರತೆ, ಗುಂಡಿನ ಎದುರುಭಾಗದ ವಿಸ್ತೀರ್ಣ, ವೇಗದ ವರ್ಗ, ಮತ್ತು ಗುಂಡಿನ ಆಕಾರವನ್ನು ಅಂಕಿಯಲ್ಲಿ ಹೇಳುವ ತಡೆಯ ಗುಣಾಂಕ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು. ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಒಂದು ಸೊಗಸಾದ ಫಲಿತಾಂಶ ಹೊರಬರುತ್ತದೆ. ಗುಂಡು ಎಷ್ಟೇ ವೇಗದಿಂದ ಹೊರಡಲಿ, ಅದರ ವೇಗ ಅರ್ಧಕ್ಕಿಳಿಯಲು ಬೇಕಾದ ದೂರ ಮಾತ್ರ ಬದಲಾಗುವುದಿಲ್ಲ. ತಡೆಯ ಗುಣಾಂಕ 0.3 ಎಂದು ಹಿಡಿದರೆ 9 ಮಿ.ಮೀ. ಗುಂಡಿಗೆ ನೀರಿನಲ್ಲಿ ಆ ದೂರ 58 ಸೆಂಟಿಮೀಟರ್. ಗಾಳಿಯಲ್ಲಿ ಅದೇ ಇಳಿಕೆಗೆ ಕೆಲವು ನೂರು ಮೀಟರ್ ಬೇಕು.

ಈಗ ಇಳಿಸುತ್ತಾ ಹೋಗಿ. ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಟ ಗುಂಡು 58 ಸೆಂಟಿಮೀಟರಿನಲ್ಲಿ 180ಕ್ಕೆ, 1.16 ಮೀಟರಿನಲ್ಲಿ 90ಕ್ಕೆ, 1.74 ಮೀಟರಿನಲ್ಲಿ 45ಕ್ಕೆ ಬರುತ್ತದೆ. ಚಲನಶಕ್ತಿ ಪ್ರತಿ ಹೆಜ್ಜೆಗೂ ನಾಲ್ಕರಲ್ಲೊಂದು ಭಾಗವಾಗುತ್ತದೆ: 518 ಜೂಲ್, 130, 32, 8. ಎರಡೂವರೆ ಮೀಟರ್ ಮುಟ್ಟುವಷ್ಟರಲ್ಲಿ ಅದು ತಳಕ್ಕೆ ಇಳಿಯುತ್ತಿರುವ ಸೀಸದ ತುಂಡು. ನೀರಿಗೆ ಬಿದ್ದ ಮೊದಲ ಕ್ಷಣದಲ್ಲಿ ಅದರ ಮೇಲಿನ ತಡೆಬಲ 1,200 ನ್ಯೂಟನ್‌ಗೂ ಮಿಗಿಲು. ಎಂಟು ಗ್ರಾಂ ತೂಕದ ವಸ್ತುವಿನ ಮೇಲೆ ಅಷ್ಟು ಬಲ!

ನಾರ್ವೆಯ ಭೌತವಿಜ್ಞಾನಿ ಆಂಡ್ರಿಯಾಸ್ ವಾಲ್ 2016ರಲ್ಲಿ ಇದನ್ನು ತಮ್ಮ ಮೇಲೆಯೇ ತೋರಿಸಿದರು. ಈಜುಕೊಳದಲ್ಲಿ ಮುಳುಗಿಸಿದ ರೈಫಲಿನ ಎದುರು ಕೆಲವೇ ಮೀಟರ್ ದೂರದಲ್ಲಿ ನಿಂತು, ದಾರ ಎಳೆದು ಹಾರಿಸಿದರು. ಗುಂಡು ಅವರನ್ನು ತಲುಪಲಿಲ್ಲ. ಭೌತಶಾಸ್ತ್ರದ ಮೇಲೆ ಅವರಿಗಿದ್ದ ನಂಬಿಕೆ ದೊಡ್ಡದು. ಆದರೆ ಅದು ಯಾರೂ ಅನುಕರಿಸಬೇಕಾದ ಪ್ರಯೋಗವಲ್ಲ.

ಹೇಮಾವತಿ ದಂಡೆ
ಈ ಅರ್ಧದ ಲೆಕ್ಕ ಮಕ್ಕಳಿಗೆ ಖಂಡಿತ ಹಿಡಿಸುತ್ತದೆ. ಧನ್ಯವಾದ. ಆದರೆ ಹೊರಡುವ ವೇಗ ಹೆಚ್ಚಿದ್ದರೆ ಒಂದೆರಡು ಹೆಜ್ಜೆಯಾದರೂ ಹೆಚ್ಚು ಸಿಗಬೇಕಲ್ಲವೇ? ರೈಫಲಿನ ಗುಂಡು ಪಿಸ್ತೂಲಿನದಕ್ಕಿಂತ ಎರಡು ಪಟ್ಟು ವೇಗ. ಅದು ಇನ್ನೊಂದು 58 ಸೆಂಟಿಮೀಟರ್ ಮುಂದೆ ಹೋಗುತ್ತದೆಯೇ?

ಘನಮಾನ
ಗುಂಡು ಇಡಿಯಾಗಿ ಉಳಿದರೆ ಹೋಗುತ್ತಿತ್ತು. ಉಳಿಯುವುದಿಲ್ಲ. ಬಾವಿಗೆ ಹೊಟ್ಟೆಯಡಿಯಾಗಿ ಬಿದ್ದವರಿಗೆ ನೀರು ಎಷ್ಟು ಗಟ್ಟಿ ಎಂಬುದು ಗೊತ್ತು. ಸೆಕೆಂಡಿಗೆ 800–900 ಮೀಟರ್ ವೇಗದ ರೈಫಲ್ ಗುಂಡು ಮೇಲಿನಿಂದ ನೀರಿಗೆ ಬಿದ್ದರೆ ತಾಮ್ರದ ಹೊದಿಕೆ ಹರಿದು, ಒಳಗಿನ ಸೀಸ ಚೂರಾಗಿ, ಸಾಮಾನ್ಯವಾಗಿ ಒಂದು ಮೀಟರಿನೊಳಗೆ ಆಟ ಮುಗಿಯುತ್ತದೆ. ನಿಧಾನದ ಪಿಸ್ತೂಲು ಗುಂಡು ಇಡಿಯಾಗಿ ಉಳಿದು ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ಸಿನಿಮಾದ ಬಿಳಿ ಗೆರೆಗಳು ಹತ್ತಾರು ಅಡಿ ಆಳಕ್ಕೆ ಹೋಗುವುದು ಕ್ಯಾಮೆರಾದ ಮುಂದೆ ಮಾತ್ರ.

ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ನೀರಿನ ಈ ಗುಣವನ್ನು ಒಳ್ಳೆಯ ಕೆಲಸಕ್ಕೆ ಬಳಸುತ್ತಾರೆ. ಅನುಮಾನದ ಪಿಸ್ತೂಲನ್ನು ಉದ್ದದ ನೀರಿನ ತೊಟ್ಟಿಯೊಳಕ್ಕೆ ಹಾರಿಸುತ್ತಾರೆ. ಗುಂಡು ಯಾವ ಗಟ್ಟಿ ವಸ್ತುವಿಗೂ ಬಡಿಯದೆ ನಿಲ್ಲುವುದರಿಂದ ನಳಿಗೆ ಅದರ ಮೇಲೆ ಕೊರೆದ ಗೀರುಗಳು ಹಾಗೆಯೇ ಉಳಿಯುತ್ತವೆ. ಅದನ್ನೂ ಅಪರಾಧದ ಸ್ಥಳದಲ್ಲಿ ಸಿಕ್ಕ ಗುಂಡನ್ನೂ ಸೂಕ್ಷ್ಮದರ್ಶಕದಡಿ ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ.

ಸಂಶಯ ಪಿಶಾಚಿ
ಹಾಗಿದ್ದರೆ ಗುಂಡನ್ನು ಇನ್ನಷ್ಟು ಚೂಪಾಗಿ, ಗಟ್ಟಿ ಉಕ್ಕಿನಲ್ಲಿ ಮಾಡಿದರಾಯಿತು. ಸೂಜಿಯಂತೆ ನೀರನ್ನು ಸೀಳಿಕೊಂಡು ಹೋಗುತ್ತದೆ.

ನಿವೃತ್ತ ನಾವಿಕ
ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ಸಮುದ್ರ ಕಲಿಸಿದ ಪಾಠ ಇದಕ್ಕೆ ನೇರ ವಿರುದ್ಧ. ದೇಶಗಳ ಯುದ್ಧನೌಕೆಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ನೌಕಾ ಒಪ್ಪಂದದಿಂದಾಗಿ ಜಪಾನ್ ತನ್ನ ತೋಸಾ ಎಂಬ ಯುದ್ಧನೌಕೆಯನ್ನು ಅರ್ಧಕ್ಕೇ ಕೈಬಿಡಬೇಕಾಯಿತು. 1924ರಲ್ಲಿ ಆ ಒಡಲನ್ನೇ ಗುರಿಯಾಗಿಟ್ಟು ಪರೀಕ್ಷೆ ನಡೆಸಿದರು. 16 ಇಂಚಿನ ಒಂದು ಶೆಲ್, ಅಂದರೆ ಫಿರಂಗಿಯ ಗುಂಡು, ನೌಕೆಯನ್ನು ತಲುಪದೆ ಸುಮಾರು 25 ಮೀಟರ್ ಈಚೆಗೇ ನೀರಿಗೆ ಬಿತ್ತು. ಗುರಿ ತಪ್ಪಿತು ಎನ್ನಬೇಕು. ಆದರೆ ಅದು ನೀರಿನೊಳಗೇ ಮುಂದೆ ಸಾಗಿ, ಕವಚವಿಲ್ಲದ ಆಳದಲ್ಲಿ ಒಡಲನ್ನು ಸೀಳಿಕೊಂಡು ಒಳಗೆ ಹೋಗಿತ್ತು. ಅದನ್ನು ಕಂಡ ಜಪಾನಿನ ಎಂಜಿನಿಯರುಗಳು 91ನೇ ಮಾದರಿಯ ಶೆಲ್ ರೂಪಿಸಿದರು. ಗಾಳಿಯಲ್ಲಿ ಹೋಗುವಾಗ ಅದರ ಮೂಗು ಚೂಪು. ನೀರಿಗೆ ಬಿದ್ದೊಡನೆ ಆ ಚೂಪು ಟೋಪಿ ಕಳಚಿ ಬಿದ್ದು ಒಳಗಿನ ಚಪ್ಪಟೆ ಮೂಗು ಹೊರಬರುತ್ತದೆ. ಆ ಚಪ್ಪಟೆ ಮೂಗೇ ನೀರಿನಲ್ಲಿ ನೇರ ದಾರಿ ಹಿಡಿಯುವ ಗುಟ್ಟು.

1942ರ ಅಕ್ಟೋಬರಿನಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಬಳಿಯ ಕೇಪ್ ಎಸ್ಪೆರನ್ಸ್ ಕದನದಲ್ಲಿ ಅಮೆರಿಕದ ಬಾಯ್ಸಿ ಎಂಬ ಕ್ರೂಸರ್ ಯುದ್ಧನೌಕೆಗೆ ಇಂಥದೇ 8 ಇಂಚಿನ ಶೆಲ್ ನೀರಿನಡಿಯಿಂದ ಬಂದು ಬಡಿಯಿತು. ಮುಂಭಾಗದ ಮದ್ದಿನ ಕೋಣೆಗಳು ಹೊತ್ತಿಕೊಂಡವು. ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಒಡೆದ ಒಡಲಿನಿಂದ ನುಗ್ಗಿದ ಸಮುದ್ರದ ನೀರು ಬೆಂಕಿಯನ್ನು ನಂದಿಸಿದ್ದರಿಂದ ಹಡಗು ಉಳಿಯಿತು. ನಾವಿಕನಾಗಿದ್ದವನು ನಾನು. ಈ ಪ್ರಸಂಗವನ್ನು ಬರೀ ಭೌತಶಾಸ್ತ್ರದ ಉದಾಹರಣೆಯಾಗಿ ಹೇಳಿ ಮುಗಿಸಲು ಮನಸ್ಸು ಒಪ್ಪುವುದಿಲ್ಲ.

ಸಂಶಯ ಪಿಶಾಚಿ
ಚಪ್ಪಟೆ ಮೂಗಿಗೆ ತಡೆ ಹೆಚ್ಚು ಎಂದು ಯಾವ ಪುಸ್ತಕ ತೆರೆದರೂ ಇದೆ. ಮತ್ತೆ ಅದು ನೇರವಾಗಿ ದೂರ ಹೋಗುವುದು ಹೇಗೆ?

ಘನಮಾನ
ಇಡೀ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಗಾಳಿಯಲ್ಲಿ ಚೂಪು ಗುಂಡು ನೆಟ್ಟಗೆ ಹೋಗಲು ಕಾರಣ ಅದರ ಗಿರಕಿ. ನಳಿಗೆಯೊಳಗಿನ ಸುರುಳಿ ತೋಡುಗಳು ಪಿಸ್ತೂಲಿನ ಗುಂಡನ್ನು ಸೆಕೆಂಡಿಗೆ ಸುಮಾರು 1,400 ಸುತ್ತು ತಿರುಗಿಸುತ್ತವೆ. ಬೇಕಾಗುವ ಗಿರಕಿ ಮಾಧ್ಯಮದ ಸಾಂದ್ರತೆಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 800ರ ವರ್ಗಮೂಲ ಸುಮಾರು 28. ಅಂದರೆ ನೀರಿನಲ್ಲಿ ಅದೇ ಸ್ಥಿರತೆಗೆ ಸೆಕೆಂಡಿಗೆ 40,000 ಸುತ್ತು ಬೇಕು. ಅಷ್ಟು ಗಿರಕಿ ಯಾವ ನಳಿಗೆಯಿಂದಲೂ ಸಿಗುವುದಿಲ್ಲ. ಚೂಪು ಗುಂಡು ನೀರಿನಲ್ಲಿ ಒಂದು ಎಳ್ಳಷ್ಟು ವಾಲಿದರೂ ಮೂಗಿನ ಪಕ್ಕಕ್ಕೆ ನೀರು ಒತ್ತಿ ಇನ್ನಷ್ಟು ವಾಲಿಸುತ್ತದೆ. ಮರುಕ್ಷಣವೇ ಅದು ಅಡ್ಡ ಬಿದ್ದು ಉರುಳುತ್ತದೆ. ಅಡ್ಡ ಬಿದ್ದ ಗುಂಡಿಗೆ ತಡೆ ಹಲವು ಪಟ್ಟು.

ಚಪ್ಪಟೆ ತುದಿಯಲ್ಲಿ ನಡೆಯುವುದೇ ಬೇರೆ. ಸಮತಟ್ಟಾದ ಬಿಲ್ಲೆಯ ಮೇಲೆ ನೀರಿನ ಒತ್ತಡ ಬಿಲ್ಲೆಗೆ ಲಂಬವಾಗಿ ಬೀಳುತ್ತದೆ. ಗುಂಡು ತುಸು ವಾಲಿದರೂ ಆ ಬಲ ಗುಂಡಿನ ನಡುರೇಖೆಯಲ್ಲೇ, ಅದರ ಭಾರಕೇಂದ್ರದ ಮೂಲಕವೇ ಹಾಯುತ್ತದೆ. ಆದ್ದರಿಂದ ಅದು ಗುಂಡನ್ನು ತಿರುಗಿಸುವುದಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯ. ಬಿಲ್ಲೆಯ ಅಂಚಿನಲ್ಲಿ ನೀರು ಥಟ್ಟನೆ ಪಕ್ಕಕ್ಕೆ ಚಿಮ್ಮಿ ಸರಿಯುತ್ತದೆ. ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಆ ನೂಕಿನ ಒತ್ತಡ 640 ವಾಯುಭಾರದಷ್ಟು. ನೀರನ್ನು ಮರಳಿ ತುಂಬಿಸಲು ಸುತ್ತಲಿನ ಒತ್ತಡ ಇರುವುದು ಬರೀ ಒಂದೋ ಎರಡೋ ವಾಯುಭಾರ. ನೀರು ಹಿಂದಿರುಗುವ ಮೊದಲೇ ಗುಂಡು ದಾಟಿ ಹೋಗಿರುತ್ತದೆ. ನಡುವಿನ ಜಾಗದಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ ತಣ್ಣನೆಯ ನೀರೇ ಆವಿಯಾಗಿ ಗುಂಡಿನ ಸುತ್ತ ಉದ್ದನೆಯ ಪೊಳ್ಳು ಕಟ್ಟಿಕೊಳ್ಳುತ್ತದೆ. ಇದು ಸೂಪರ್‌ಕ್ಯಾವಿಟೇಶನ್. ಗುಂಡಿನ ತುದಿಯೊಂದೇ ನೀರಿಗೆ ತಾಗಿದೆ, ಉಳಿದ ಮೈಯೆಲ್ಲ ಆವಿಯಲ್ಲಿ. ಬಾಲ ಅಲುಗಿ ಪೊಳ್ಳಿನ ಗೋಡೆಗೆ ತಾಗಿದರೆ ನೀರೇ ಅದನ್ನು ನಡುವಿಗೆ ತಳ್ಳುತ್ತದೆ.

ಹೌದು, ಚಪ್ಪಟೆ ಬಿಲ್ಲೆಯ ತಡೆಯ ಗುಣಾಂಕ ಸುಮಾರು 0.8, ದುಂಡು ಮೂಗಿನದಕ್ಕಿಂತ ಹೆಚ್ಚು. ಆದರೆ ಬಿಲ್ಲೆಯನ್ನು ಗುಂಡಿನ ಮೈಗಿಂತ ಬಹಳ ಚಿಕ್ಕದು ಮಾಡಬಹುದಲ್ಲ! ವ್ಯಾಸ ಅರ್ಧ ಮಾಡಿದರೆ ವಿಸ್ತೀರ್ಣ ಕಾಲುಭಾಗ. ಜೊತೆಗೆ ಗುಂಡನ್ನು ಉದ್ದ ಮಾಡಿದರೆ ಅದೇ ತುದಿಯ ಹಿಂದೆ ಹೆಚ್ಚು ತೂಕ ಸೇರುತ್ತದೆ. ಉದ್ದ, ತೂಕ, ಪುಟ್ಟ ಚಪ್ಪಟೆ ತುದಿ: ನೀರಿನ ಗುಂಡಿಗೆ ಬೇಕಾದ್ದು ಈ ಮೂರು.

ನಿವೃತ್ತ ನಾವಿಕ
ನೀರಿನೊಳಗೆ ಹಾರಿಸಲೆಂದೇ ಮಾಡಿದ ಸೋವಿಯತ್ ಒಕ್ಕೂಟದ ಎಪಿಎಸ್ ರೈಫಲ್ ಇದರ ಪಕ್ಕಾ ನಿದರ್ಶನ. ವ್ಲಾದಿಮಿರ್ ಸಿಮೊನೊವ್ ವಿನ್ಯಾಸ ಮಾಡಿದ್ದು, 1970ರ ದಶಕದಲ್ಲಿ ಅಲ್ಲಿನ ನೌಕಾಪಡೆಯ ಮುಳುಗುಗಾರರ ಕೈಸೇರಿತು. ಅದರ ಗುಂಡು 5.66 ಮಿ.ಮೀ. ದಪ್ಪ, 120 ಮಿ.ಮೀ. ಉದ್ದದ ಉಕ್ಕಿನ ಬಾಣ, ತುದಿ ಮೊಂಡು. ನಳಿಗೆಯೊಳಗೆ ಸುರುಳಿ ತೋಡು ಇಲ್ಲವೇ ಇಲ್ಲ. ತೋಟಾ ತುಂಬುವ ಪೆಟ್ಟಿಗೆ, ಅಂದರೆ ಮ್ಯಾಗಝೀನಿನಲ್ಲಿ 26 ತೋಟಾ. ಉದ್ದನೆಯ ತೋಟಾಗಳಿಂದಾಗಿ ಆ ಮ್ಯಾಗಝೀನ್ ವಿಚಿತ್ರವಾಗಿ ಅಗಲ, ಒಮ್ಮೆ ಚಿತ್ರ ನೋಡಿದವರು ಮರೆಯುವುದಿಲ್ಲ. ಐದು ಮೀಟರ್ ಆಳದಲ್ಲಿ ಅದರ ಪರಿಣಾಮಕಾರಿ ದೂರ 30 ಮೀಟರ್, ಇಪ್ಪತ್ತು ಮೀಟರ್ ಆಳದಲ್ಲಿ 20, ನಲವತ್ತು ಮೀಟರ್ ಆಳದಲ್ಲಿ ಸುಮಾರು 11. ಗಾಳಿಯಲ್ಲಿ ಹಾರಿಸಿದರೆ ಮಾತ್ರ ಬಾಣ ತೂರಾಡುತ್ತದೆ, ನಳಿಗೆಯೂ ಬೇಗ ಸವೆದುಹೋಗುತ್ತದೆ.

ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿ ನೀರಿನೊಳಗಿನ ಬಳಕೆಗೆ ಮಾಡಿದ ಪಿ11 ಪಿಸ್ತೂಲಿಗೆ ಐದು ನಳಿಗೆ. ತೋಟಾಗಳನ್ನು ವಿದ್ಯುತ್ತಿನಿಂದ ಹೊತ್ತಿಸುತ್ತಾರೆ. ಐದೂ ಮುಗಿದ ಮೇಲೆ ಮತ್ತೆ ತುಂಬಲು ನಳಿಗೆಗಳ ಕಟ್ಟನ್ನು ಕಾರ್ಖಾನೆಗೇ ಕಳಿಸಬೇಕು.

ಹೇಮಾವತಿ ದಂಡೆ
ಆಳ ಹೆಚ್ಚಿದಂತೆ ದೂರ ಕಡಿಮೆಯಾಗುವುದು ಏಕೆ? ನೀರಿನ ಸಾಂದ್ರತೆ ಆಳದಲ್ಲಿ ಬದಲಾಗುವುದಿಲ್ಲವಲ್ಲ?

ಘನಮಾನ
ಸಾಂದ್ರತೆ ಬದಲಾಗುವುದಿಲ್ಲ, ಒತ್ತಡ ಬದಲಾಗುತ್ತದೆ. ಪೊಳ್ಳನ್ನು ಮುಚ್ಚಲು ನೂಕುವುದು ಆ ಒತ್ತಡವೇ. ಐದು ಮೀಟರ್ ಆಳದಲ್ಲಿ ಅದು ಒಂದೂವರೆ ವಾಯುಭಾರ, ನಲವತ್ತರಲ್ಲಿ ಐದು. ಒತ್ತಡ ಮೂರು ಪಟ್ಟಿಗಿಂತ ಹೆಚ್ಚಾಯಿತು, ದೂರ ಹೆಚ್ಚುಕಡಿಮೆ ಮೂರನೆಯ ಒಂದು ಭಾಗಕ್ಕಿಳಿಯಿತು. ಒತ್ತಡ ಏರಿದಷ್ಟೂ ಪೊಳ್ಳು ಬೇಗ ಮುಚ್ಚಿ, ಬಾಣದ ಮೈಗೆ ನೀರು ತಾಗಿ, ಅದು ಅಲ್ಲೇ ಸೋಲುತ್ತದೆ.

ಒತ್ತಡ ಇಳಿದರೆ ಕುದಿಬಿಂದು ಮುಟ್ಟದ ನೀರೂ ಆವಿಯಾಗುವುದನ್ನು ಮಕ್ಕಳು ನಂಬದಿದ್ದರೆ ಸೂಜಿಯಿಲ್ಲದ ದೊಡ್ಡ ಸಿರಿಂಜ್ ತನ್ನಿ. ಕಾಲುಭಾಗ ಬಿಸಿನೀರು ತುಂಬಿ, ಗಾಳಿಯನ್ನು ಪೂರ್ತಿ ಹೊರಹಾಕಿ, ಬಾಯಿ ಬಿಗಿಯಾಗಿ ಮುಚ್ಚಿ ಹಿಡಿಯನ್ನು ಜೋರಾಗಿ ಹಿಂದಕ್ಕೆಳೆಯಿರಿ. ನೀರಿನೊಳಗೆ ಗುಳ್ಳೆಗಳೆದ್ದು ಕುದಿಯುವುದು ಕಣ್ಣಿಗೆ ಕಾಣುತ್ತದೆ. ಕೈ ಸುಡುವಷ್ಟು ಬಿಸಿ ಬೇಕಿಲ್ಲ, ಬೆರಳು ತಾಳುವಷ್ಟಿರಲಿ.

ಕಡಲ ತಳ
ಮುರ್ಡೇಶ್ವರದ ಬಳಿ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡುತ್ತೇನೆ. ಅಲ್ಲಿ ಬಂಡೆಗಳ ಹತ್ತಿರ ಇಳಿದಾಗ ಒಗ್ಗರಣೆಯ ಸಾಸಿವೆ ಸಿಡಿದಂಥ ಚಟಪಟ ಸದ್ದು ಎಡೆಬಿಡದೆ ಕೇಳುತ್ತದೆ. ಪಿಸ್ತೂಲ್ ಸೀಗಡಿಗಳು ಎಂದು ಜೊತೆಯವರು ಹೇಳಿದರು. ಅದಕ್ಕೂ ಈ ಪೊಳ್ಳಿಗೂ ಸಂಬಂಧ ಇದೆಯೇ?

ಘನಮಾನ
ನೇರ ಸಂಬಂಧ. ಆ ಸೀಗಡಿಯ ಎರಡು ಕೊಂಡಿಗಳಲ್ಲಿ ಒಂದು ವಿಪರೀತ ದೊಡ್ಡದು. ಅದನ್ನು ಫಟ್ಟನೆ ಮುಚ್ಚಿದಾಗ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದ ನೀರಿನ ಧಾರೆ ಹೊರಬಂದು ಆವಿಯ ಗುಳ್ಳೆ ಏಳುತ್ತದೆ. ಸದ್ದು ಬರುವುದು ಕೊಂಡಿಯ ಎರಡು ಭಾಗ ಬಡಿಯುವುದರಿಂದಲ್ಲ, ಆ ಗುಳ್ಳೆ ಕುಸಿಯುವುದರಿಂದ ಎಂಬುದನ್ನು 2000ನೇ ಇಸವಿಯಲ್ಲಿ ಅತಿವೇಗದ ಕ್ಯಾಮೆರಾದಿಂದ ತೋರಿಸಿದರು. ಮರುವರ್ಷ ಅದೇ ಕುಸಿತದಲ್ಲಿ ಮಿಂಚುವ ಕ್ಷಣಿಕ ಬೆಳಕನ್ನೂ ದಾಖಲಿಸಿದರು. ಗುಳ್ಳೆಯೊಳಗೆ ಕಣ್ಣೆವೆಗಿಂತ ಎಷ್ಟೋ ಕಿರಿದಾದ ಕಾಲ ಸಾವಿರಾರು ಡಿಗ್ರಿ ತಾಪ ಏಳುತ್ತದೆ.

ಬಂದೂಕಿನ ಬಾಯಿಯಲ್ಲೂ ಹೀಗೇ. ಮದ್ದಿನ ಅನಿಲ ಹೊರಬಂದು ದೊಡ್ಡ ಗುಳ್ಳೆಯಾಗಿ ಹಿಗ್ಗುತ್ತದೆ. ನೀರಿನ ಜಡತ್ವದಿಂದಾಗಿ ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗಿ, ಮತ್ತೆ ಕುಸಿದು, ಪುನಃ ಹಿಗ್ಗುತ್ತದೆ. ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1917ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಹತ್ತು ಸೆಂಟಿಮೀಟರ್ ತ್ರಿಜ್ಯದ ಖಾಲಿ ಗುಳ್ಳೆ ನೀರಿನ ಮೇಲ್ಮೈ ಹತ್ತಿರ ಕುಸಿಯಲು ಒಂದು ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಕುಸಿದಾಗ ಹೊರಡುವ ಒತ್ತಡದ ಅಲೆ ನೀರಿನಲ್ಲಿ ಬಹುಬೇಗ ಹರಡುತ್ತದೆ. ಹತ್ತಿರ ಮುಳುಗಿರುವವರ ಕಿವಿತಮಟೆಗೆ ಅದು ಅಪಾಯ. ಗುಂಡು ತಲುಪದ ದೂರಕ್ಕೂ ಅಲೆ ತಲುಪುತ್ತದೆ.

ಕೋವಿಮನೆ
ಕೊನೆಗೆ ನನ್ನದೂ ಒಂದು ಪ್ರಶ್ನೆ. ನೀರು ಗುಂಡನ್ನು ಎರಡು ಮೀಟರಿನಲ್ಲಿ ನಿಲ್ಲಿಸುತ್ತದೆ ಎಂದಾದರೆ ಕೆರೆಯ ಕಡೆಗೆ ಹಾರಿಸುವುದು ಸುರಕ್ಷಿತವೇ? ನಮ್ಮ ಹಿರಿಯರು ಇದನ್ನೂ ಬೇಡ ಎನ್ನುತ್ತಿದ್ದರು.

ಘನಮಾನ
ಹಿರಿಯರ ಮಾತನ್ನೇ ಹಿಡಿಯಿರಿ. ನೇರವಾಗಿ ಕೆಳಕ್ಕೆ ಹೊಡೆದರೆ ನೀರು ನಿಲ್ಲಿಸುತ್ತದೆ. ಓರೆಯಾಗಿ ಹೊಡೆದರೆ ಗುಂಡು ಮೇಲ್ಮೈಗೆ ಬಡಿದು ಪುಟಿಯುತ್ತದೆ. ದುಂಡನೆಯ ಗುಂಡಿಗೆ ಒಂದು ಸುಲಭ ಸೂತ್ರವಿದೆ: 18ನ್ನು ಗುಂಡಿನ ಸಾಪೇಕ್ಷ ಸಾಂದ್ರತೆಯ (ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬುದರ) ವರ್ಗಮೂಲದಿಂದ ಭಾಗಿಸಿ. ಸೀಸಕ್ಕೆ ಐದು ಡಿಗ್ರಿ ಚಿಲ್ಲರೆ, ಉಕ್ಕಿಗೆ ಆರೂವರೆಯ ಹತ್ತಿರ ಬರುತ್ತದೆ. ನೀರಿನ ಮೇಲ್ಮೈಗೂ ಗುಂಡಿನ ದಾರಿಗೂ ನಡುವಿನ ಕೋನ ಇದಕ್ಕಿಂತ ಕಡಿಮೆಯಿದ್ದರೆ ಪುಟಿಯುತ್ತದೆ. ಹಾಯಿಹಡಗುಗಳ ಕಾಲದ ಫಿರಂಗಿಯವರು ಬೇಕೆಂದೇ ಕಬ್ಬಿಣದ ಗುಂಡುಗಳನ್ನು ಹೀಗೆ ಕಡಲ ಮೇಲೆ ಪುಟಿಸಿ ಶತ್ರುಹಡಗಿನ ಒಡಲಿಗೆ ಹೊಡೆಯುತ್ತಿದ್ದರು.

ದಡದಲ್ಲಿ ನಿಂತವರು ಹೆಗಲೆತ್ತರದಿಂದ, ಅಂದರೆ ಸುಮಾರು ಒಂದೂವರೆ ಮೀಟರಿನಿಂದ, ಇಪ್ಪತ್ತು ಮೀಟರ್ ಆಚೆಯ ನೀರಿಗೆ ಗುರಿಯಿಟ್ಟರೆ ಆ ಕೋನ ನಾಲ್ಕು ಡಿಗ್ರಿಯ ಆಸುಪಾಸು. ಪುಟಿದ ಗುಂಡಿನಲ್ಲಿ ವೇಗ ಬಹಳಷ್ಟು ಉಳಿದಿರುತ್ತದೆ, ದಿಕ್ಕು ಮಾತ್ರ ಹೊಡೆದವರ ಕೈಯಲ್ಲಿರುವುದಿಲ್ಲ. ಆಚೆ ದಡದಲ್ಲಿ ದನ ಮೇಯಿಸುವವರು, ಬಟ್ಟೆ ಒಗೆಯುವವರು ಇರುತ್ತಾರೆ.